ಒಂಟಿ ಧ್ರುವಯಾನಕ್ಕೆ ಯಾವ ಸ್ಲೀಪಿಂಗ್ ಬ್ಯಾಗ್: ಮೂರು ಏರ್ಪಾಡುಗಳ ಹೋಲಿಕೆ

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿರುವ ಡಿಗ್ರಿ ಮೊದಲ ರಾತ್ರಿಗೆ ಮಾತ್ರ ಸರಿ. ಪ್ರಯೋಗಾಲಯದಲ್ಲಿ ಒಣ ಬ್ಯಾಗಿನೊಳಗೆ ಬಿಸಿ ಬೊಂಬೆಯನ್ನು ಮಲಗಿಸಿ ಅಳೆದ ಲೆಕ್ಕ ಅದು. ಅತಿಶೀತ ಪ್ರದೇಶದ ಯಾನದ ಬ್ಯಾಗುಗಳನ್ನು, ಇಂಥ ಅಳತೆಗೆಂದೇ ಇರುವ ಅಂತರರಾಷ್ಟ್ರೀಯ ಐಎಸ್‌ಒ 23537 ಮಾನದಂಡ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಒಬ್ಬರೇ ಹೊರಟವರಿಗೆ ಬೇಕಾದದ್ದು ಇಪ್ಪತ್ತನೆಯ, ಮೂವತ್ತನೆಯ ರಾತ್ರಿಯ ಲೆಕ್ಕ. ಟೆಂಟಿನಲ್ಲಿ ಇನ್ನೊಬ್ಬರ ಮೈಬಿಸಿ ಇರುವುದಿಲ್ಲ, ಬ್ಯಾಗು ಕೈಕೊಟ್ಟರೆ ಪಕ್ಕದವರದ್ದಕ್ಕೆ ನುಸುಳುವ ಹಾಗೂ ಇಲ್ಲ.

ನಾರ್ವೆಯ ಹರ್ದಾಂಗರ್‌ವಿದ್ದ ಪ್ರಸ್ಥಭೂಮಿಯ ಚಳಿಗಾಲದಲ್ಲಿ ಮೂರು ಏರ್ಪಾಡುಗಳನ್ನು ಬಳಸಿ ನೋಡಿದ್ದೇನೆ. ಮುಂದೆ ದಕ್ಷಿಣಧ್ರುವವನ್ನು ಮೊದಲು ಮುಟ್ಟಿದ ಅಮುಂಡ್ಸೆನ್ ತರುಣರಾಗಿದ್ದಾಗ, 1896ರಲ್ಲಿ, ಇಲ್ಲಿಯೇ ಹಿಮದ ಬಿಲದೊಳಗೆ ಒದ್ದೆ ಬ್ಯಾಗಿನಲ್ಲಿ ಮಲಗಿ, ಎಚ್ಚರವಾದಾಗ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದರು. ಅಗೆದು ಹೊರತೆಗೆಯಲು ಅಣ್ಣ ಲಿಯೋನ್ ಜೊತೆಗಿದ್ದರು. ಒಂಟಿಯಾಗಿ ಹೋಗುವವರಿಗೆ ಆ ಅಣ್ಣ ಇಲ್ಲ.

ಮೊದಲನೆಯದು ಒಂದೇ ದಪ್ಪನೆಯ ಡೌನ್ ಬ್ಯಾಗು, ಅಂದರೆ ಹಕ್ಕಿಯ ಮೃದುಗರಿ ತುಂಬಿದ್ದು. ಹಗುರ, ಜಿಪ್ಪು ಒಂದೇ, ದಣಿದು ಬಂದಾಗ ಸಲೀಸಾಗಿ ಒಳಸೇರಬಹುದು. ಆರಂಭದ ರಾತ್ರಿಗಳಲ್ಲಿ ಇದಕ್ಕೆ ಸಾಟಿಯಿಲ್ಲ. ತೊಂದರೆ ಶುರುವಾಗುವುದು ಕಣ್ಣಿಗೆ ಕಾಣದ ಬೆವರಿನಿಂದ. ಮಲಗಿದವರ ಚರ್ಮದಿಂದ ರಾತ್ರಿಯಿಡೀ ಆವಿ ಏಳುತ್ತಲೇ ಇರುತ್ತದೆ. ಬ್ಯಾಗಿನ ಒಳಮೈ ಬೆಚ್ಚಗಿದ್ದು ಹೊರಮೈ ಮೈನಸ್ 25ರಲ್ಲಿದ್ದರೆ, ನಡುವೆ ಎಲ್ಲೋ ಆ ಆವಿ ಹಿಮವಾಗಲೇಬೇಕು. ಆ 'ಎಲ್ಲೋ' ಗರಿಗಳ ಒಳಗೇ ಇದೆ. ಬೆಳಿಗ್ಗೆ ಬ್ಯಾಗನ್ನು ಅದುಮಿ ಚೀಲಕ್ಕೆ ತುಂಬಿದಾಗ ಗರಿ ಮುದ್ದೆಯಾಗುತ್ತದೆ, ಮರುರಾತ್ರಿ ಒಂದಷ್ಟು ಮೈಬಿಸಿ ಆ ಹಿಮವನ್ನು ಕರಗಿಸುವುದಕ್ಕೇ ಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಪಾದದ ಬಳಿ ಗಟ್ಟಿ ಉಂಡೆಗಳು ಕೈಗೆ ಸಿಗುತ್ತಿದ್ದವು. ಇದು ಹೊಸ ಕಾಯಿಲೆಯಲ್ಲ. 1911ರಲ್ಲಿ ಅಂಟಾರ್ಕ್ಟಿಕದ ಕಡುಚಳಿಗಾಲದಲ್ಲಿ ಕೇಪ್ ಕ್ರೋಜಿಯರ್‌ಗೆ ಹೋಗಿಬಂದ ಬ್ರಿಟಿಷ್ ಅನ್ವೇಷಕ ಚೆರಿ-ಗ್ಯಾರಾರ್ಡ್ ಅವರ ಬ್ಯಾಗು ಹೊರಡುವಾಗ 18 ಪೌಂಡ್ ಇತ್ತು, ಐದು ವಾರಗಳ ನಂತರ 45 ಪೌಂಡ್. ಅಷ್ಟೂ ಮಂಜುಗಡ್ಡೆಯನ್ನು ಅವರೇ ಎಳೆದು ತಂದಿದ್ದರು.

ಎರಡನೆಯದು ಜೋಡಿ ಬ್ಯಾಗು: ಒಳಗೆ ಡೌನ್, ಅದರ ಮೇಲೆ ತೆಳು ಸಿಂಥೆಟಿಕ್ ಹೊರಬ್ಯಾಗು. ಹಿಮ ಕಟ್ಟುವ ಜಾಗವನ್ನೇ ಇದು ಹೊರಕ್ಕೆ ದೂಡುತ್ತದೆ. ಸಿಂಥೆಟಿಕ್ ಎಳೆ ಒದ್ದೆಯಾದರೂ ಗರಿಯಷ್ಟು ಕುಗ್ಗುವುದಿಲ್ಲ. ಬೆಳಿಗ್ಗೆ ಹೊರಬ್ಯಾಗನ್ನು ಕೊಡವಿ ಬ್ರಷ್ಷಿನಿಂದ ಉಜ್ಜಿದರೆ ಸಾಕಷ್ಟು ಹಿಮ ಉದುರಿಬಿಡುತ್ತದೆ. ಆದರೆ ಭಾರ ಹೆಚ್ಚು, ಸಾಮಾನು ಹೇರಿ ಹಿಮದ ಮೇಲೆ ಎಳೆಯುವ ಸ್ಲೆಡ್ಜಿನಲ್ಲಿ ಜಾಗವನ್ನೂ ನುಂಗುತ್ತದೆ. ಹೊರಳಿದಾಗ ಎರಡು ಜಿಪ್ಪುಗಳು ಎರಡು ದಿಕ್ಕಿಗೆ ಹೋಗುತ್ತವೆ.

ಮೂರನೆಯದು ಡೌನ್ ಬ್ಯಾಗಿನ ಒಳಗೆ ಹಾಕಿಕೊಳ್ಳುವ ವೇಪರ್ ಬ್ಯಾರಿಯರ್ ಲೈನರ್, ಅಂದರೆ ಆವಿ ತೂರದ ತೆಳ್ಳನೆಯ ನೈಲಾನ್ ಚೀಲ. ನಿಜ ಹೇಳಬೇಕೆಂದರೆ ಮೊದಲ ರಾತ್ರಿ ಅಸಹ್ಯ. ಮೈಯೆಲ್ಲ ಜಿಗುಟು, ಸ್ವಲ್ಪ ಸೆಕೆಯಾದರೂ ಬೆವರಿನಲ್ಲಿ ತೊಯ್ದಹಾಗೆ. ತೆಳು ಸಿಂಥೆಟಿಕ್ ಒಳಉಡುಪಷ್ಟೇ ತೊಟ್ಟು, ಸೆಕೆಯಾದ ಕೂಡಲೇ ಕತ್ತಿನ ದಾರ ಸಡಿಲಿಸುವುದನ್ನು ರೂಢಿಸಿಕೊಂಡರೆ ಸಹಿಸಬಹುದು. ಬೆಳಿಗ್ಗೆ ಚಳಿಯಲ್ಲಿ ಆ ತೇವದ ಬಟ್ಟೆಯಲ್ಲಿ ಹೊರಬರುವ ಕ್ಷಣ ಮಾತ್ರ ರೂಢಿಯಾಗುವುದೇ ಇಲ್ಲ. ಆದರೆ ದಿನಗಳುರುಳಿದರೂ ಗರಿ ಹೊಸದರಂತೆ ಉಬ್ಬಿಕೊಂಡಿರುತ್ತದೆ. ಇನ್ನೊಂದು ಲಾಭವನ್ನು ನಾನು ಎಣಿಸಿರಲಿಲ್ಲ: ಲೈನರ್‌ಗೂ ಬ್ಯಾಗಿಗೂ ನಡುವಿನ ಜಾಗ ಬೆಚ್ಚಗೂ ಇರುತ್ತದೆ, ಒಣಗಿಯೂ ಇರುತ್ತದೆ. ಸ್ಯಾಟಲೈಟ್ ಫೋನ್, ಬ್ಯಾಟರಿಗಳಿಗೆ ಟೆಂಟಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಸಿರು ಮಾತ್ರ ಬ್ಯಾಗಿನ ಹೊರಗೇ ಹೋಗಬೇಕು. ಮೂಗು ತಣ್ಣಗಾಯಿತೆಂದು ಮುಖವನ್ನು ಒಳಗೆಳೆದುಕೊಂಡರೆ ಲೈನರ್ ಇದ್ದೂ ಪ್ರಯೋಜನವಿಲ್ಲ.

ಯಾವುದು ಮೇಲು ಎಂಬುದು ಯಾವ ಧ್ರುವ ಎಂಬುದರ ಮೇಲೆ ನಿಂತಿದೆ. ಅಂಟಾರ್ಕ್ಟಿಕದ ಯಾನಗಳು ನಡೆಯುವುದು ನವೆಂಬರ್‌ನಿಂದ ಜನವರಿವರೆಗೆ. ಸೂರ್ಯ ಮುಳುಗುವುದೇ ಇಲ್ಲ, ಗಾಳಿ ಬಹಳ ಒಣ. ಬಿಸಿಲಿದ್ದ ದಿನ ಬ್ಯಾಗನ್ನು ಸ್ಲೆಡ್ಜಿನ ಮೇಲೆ ಹರಡಿ ಎಳೆದರೆ ಹಿಮ ನೀರಾಗದೆ ನೇರವಾಗಿ ಆವಿಯಾಗಿ ಹಾರುತ್ತದೆ. ಅಲ್ಲಿಗೆ ಲೈನರಿನ ಕಿರಿಕಿರಿ ಬೇಡ, ಜೋಡಿ ಬ್ಯಾಗು ಸಾಕು. ಉತ್ತರಧ್ರುವದ ಕಡೆ ಹಾಗಲ್ಲ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಫೆಬ್ರುವರಿ ಕೊನೆಗೋ ಮಾರ್ಚ್‌ನಲ್ಲೋ ಹೊರಡಬೇಕು. ಬಿಸಿಲು ಹೆಸರಿಗಷ್ಟೇ, ಮಂಜುಗಡ್ಡೆ ಸೀಳಿದ ಬಿರುಕುಗಳಿಂದ ತೇವದ ಗಾಳಿ. ಒಣಗಿಸುವ ದಾರಿಯೇ ಇಲ್ಲದ ಕಡೆ ಒದ್ದೆಯಾಗದಂತೆ ತಡೆಯುವುದೊಂದೇ ಉಪಾಯ, ಹಾಗಾಗಿ ಲೈನರ್ ಬೇಕೇ ಬೇಕು. ಸಾಮಾನಿನ ಭಾರಕ್ಕೆ ಅವಕಾಶವಿದ್ದರೆ ಲೈನರ್ ಹಾಕಿ, ಮೇಲೆ ಹೊರಬ್ಯಾಗನ್ನೂ ಸೇರಿಸುವೆ. ಬರೀ ಒಂಟಿ ಡೌನ್ ಬ್ಯಾಗನ್ನು ನಾಲ್ಕಾರು ದಿನದ ತರಬೇತಿಗೆ ಮೀಸಲಿಡುವೆ.

ಉತ್ತರದಲ್ಲಿ ಹಿಮಕರಡಿಯ ಭಯವೂ ಇದೆ. ಮೂರು ಪದರಗಳ ಒಳಗೆ ಕತ್ತಿನವರೆಗೆ ಬಿಗಿದುಕೊಂಡು ಮಲಗುವ ಮುನ್ನ, ಕತ್ತಲಲ್ಲಿ ಗವಸು ತೊಟ್ಟು ಎಲ್ಲವನ್ನೂ ಬಿಚ್ಚಿ ಹೊರಬರುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿರಬೇಕು. ಜಿಪ್ಪಿನ ತುದಿಗೆ ಉದ್ದನೆಯ ದಾರ ಕಟ್ಟಿದರೆ ಅರ್ಧ ಕೆಲಸ ಮುಗಿದಂತೆ.