ಆಸ್ಟ್ರೇಲಿಯಾ, ಕೆನಡಾ, ಜರ್ಮನಿ: ಉದ್ಯಮಬಾಗ್‌ನಿಂದ ಮೂರೂ ಕಡೆ ಅರ್ಜಿ ಹಾಕಿ ಕಂಡದ್ದು

2015ರಲ್ಲಿ ವಿಟಿಯು ಅಡಿಯ ಕಾಲೇಜಿನಿಂದ ಎಲೆಕ್ಟ್ರಾನಿಕ್ಸ್ ಬಿಇ ಮುಗಿಸಿದೆ. ಆಮೇಲಿಂದ ಬೆಳಗಾವಿಯ ಉದ್ಯಮಬಾಗ್‌ನಲ್ಲೇ ಕೆಲಸ. ಪಂಪು, ಮೋಟಾರುಗಳ ಕಂಟ್ರೋಲ್ ಬೋರ್ಡ್ ಡಿಸೈನ್ ಮಾಡುತ್ತೇನೆ. ವಯಸ್ಸು 32, ಮದುವೆ ಆಗಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಕೆಲಸಕ್ಕೆ ಅಂತ ವಲಸೆ ಹೋಗಲು ನಾನು ಅರ್ಜಿ ಹಾಕಿದ ಮೂರರಲ್ಲಿ ಎರಡು ದೇಶ ಈ ಎರಡೂ ವಿಷಯಕ್ಕೆ ಅಂಕ ಕೊಡುತ್ತವೆ.

ಮೊದಲು ಕೈ ಹಾಕಿದ್ದು ಆಸ್ಟ್ರೇಲಿಯಾಕ್ಕೆ. ಅಲ್ಲಿ ವೀಸಾಕ್ಕಿಂತ ಮುಂಚೆ ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆ ನಮ್ಮನ್ನು ಎಂಜಿನಿಯರ್ ಅಂತ ಒಪ್ಪಬೇಕು. ಒಂದು ದೇಶದ ಎಂಜಿನಿಯರಿಂಗ್ ಡಿಗ್ರಿಯನ್ನು ಇನ್ನೊಂದು ದೇಶ ಒಪ್ಪುವ ವಾಷಿಂಗ್ಟನ್ ಅಕಾರ್ಡ್ ಎಂಬ ಒಪ್ಪಂದಕ್ಕೆ ಭಾರತ 2014ರಲ್ಲೇ ಸೇರಿದೆ, ಹಾಗಾಗಿ ಡಿಗ್ರಿ ಸಾಕು ಅಂದುಕೊಂಡಿದ್ದೆ. ಹಾಗಲ್ಲ. ನಮ್ಮ ದೇಶದ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮಂಡಳಿಯ ಟಿಯರ್ 1 ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ ಆ ದಾರಿ. ನನ್ನ ಕೋರ್ಸಿಗೆ ಅದು ಇರಲಿಲ್ಲ. ಉಳಿದದ್ದು ಸಿಡಿಆರ್ ಎಂಬ ವರದಿ. ಅದರಲ್ಲಿ ನಮ್ಮದೇ ಕೆಲಸದ ಮೂರು ಕರಿಯರ್ ಎಪಿಸೋಡ್ ಬರೆಯಬೇಕು, ಒಂದೊಂದೂ 1000ದಿಂದ 2500 ಪದ.

ಇಲ್ಲಿನ ಒಬ್ಬ ಏಜೆಂಟ್ ರೆಡಿ ಇರುವ ಸಿಡಿಆರ್ ಕೊಡುತ್ತೇನೆ, ಹೆಸರು ಬದಲಿಸಿದರೆ ಸಾಕು ಅಂದರು. ಮುಂಗಡ ಕೊಟ್ಟೂ ಬಿಟ್ಟಿದ್ದೆ. ಫೈಲ್ ತೆರೆದು ನೋಡಿದರೆ ನಾನು ಎಂದೂ ಮುಟ್ಟದ ಟೆಲಿಕಾಂ ಟವರಿನ ಕಥೆ. ನಕಲು ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ ಮಾತ್ರವಲ್ಲ, ಮತ್ತೆ ಅರ್ಜಿ ಹಾಕುವುದಕ್ಕೂ ನಿರ್ಬಂಧ ಬೀಳುತ್ತದೆ. ಆ ದುಡ್ಡು ವಾಪಸ್ ಬರಲಿಲ್ಲ. ಈಗಲೂ ಬೇಜಾರಿದೆ.

ಸ್ವಂತ ಬರೆಯಲು ಕೂತೆ. ಘಟಪ್ರಭಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲೇ ನನ್ನ ಬೋರ್ಡ್ ಕೈಕೊಟ್ಟಿತ್ತು. ಮೋಟಾರು ಆನ್ ಆಫ್ ಮಾಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಆಫ್ ಆದಾಗಲೆಲ್ಲ ಮೈಕ್ರೋಕಂಟ್ರೋಲರ್ ರೀಸೆಟ್. ಮೂರು ರಾತ್ರಿ ಅಲ್ಲೇ ಇದ್ದೆ. ಸ್ಕೋಪ್ ಹಚ್ಚಿ ನೋಡಿದರೆ 24 ವೋಲ್ಟ್ ಲೈನಿನ ಮೇಲೆ ಸೂಜಿಯಂಥ ಸ್ಪೈಕ್. ಕಾಂಟ್ಯಾಕ್ಟರ್ ಕಾಯಿಲಿಗೆ ಸ್ಪೈಕ್ ತಗ್ಗಿಸುವ ಆರ್‌ಸಿ ಸ್ನಬ್ಬರ್ ಹಾಕಿದೆ, ಮುಂದಿನ ಬೋರ್ಡಿನಲ್ಲಿ ಗ್ರೌಂಡ್ ಹಾದಿ ಬೇರೆ ಮಾಡಿದೆ. ಕಾಟ ನಿಂತಿತು.

ಇದನ್ನು ಬರೆದು ಸೀನಿಯರ್ ಒಬ್ಬರಿಗೆ ತೋರಿಸಿದೆ. ಕೆಂಪು ಪೆನ್ನು ತೆಗೆದುಕೊಂಡು ‘ನಾವು’ ಅಂತಿರುವ ಕಡೆಯೆಲ್ಲ ಸುತ್ತು ಹಾಕುತ್ತಾ ಹೋದರು. ನಮ್ಮ ಕಡೆ ಒಬ್ಬನೇ ಮಾಡಿದ ಕೆಲಸವನ್ನೂ ‘ನಾವು ಮಾಡಿದ್ವಿ’ ಅನ್ನುತ್ತೇವೆ, ಅಲ್ವಾ? ‘ನಾನು’ ಅಂದರೆ ದೊಡ್ಡಸ್ತಿಕೆ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಆದರೆ ಎಂಜಿನಿಯರ್ಸ್ ಆಸ್ಟ್ರೇಲಿಯಾದವರು ನೋಡುವುದು ಒಂದೇ: ಲೆಕ್ಕ ಯಾರು ಹಾಕಿದರು, ನಿರ್ಧಾರ ಯಾರದು? ಪೂರ್ತಿ ತಿದ್ದಿ ಬರೆಯಲು ಎರಡು ತಿಂಗಳು ಹಿಡಿಯಿತು. ಒಪ್ಪಿಗೆ ಬಂತು.

ನನ್ನ ಅಂಕ 80: ವಯಸ್ಸಿಗೆ 30, ಡಿಗ್ರಿಗೆ 15, ಅನುಭವಕ್ಕೆ 15, ಇಂಗ್ಲಿಷಿಗೆ 10, ಒಂಟಿ ಅಂತ 10. ಕನಿಷ್ಠ 65 ಬೇಕು, ಆದರೆ 65ಕ್ಕೇ ವೀಸಾಕ್ಕೆ ಅರ್ಜಿ ಹಾಕಿ ಅಂತ ಕರೆ ಬರುತ್ತದೆ ಅಂತ ನಂಬಿ ಕೂರಬೇಡಿ. ರಾಜ್ಯದ ನಾಮಿನೇಷನ್ ಸಿಕ್ಕರೆ 190 ವೀಸಾಕ್ಕೆ 5 ಜಾಸ್ತಿ, ಪ್ರಾದೇಶಿಕ 491ಕ್ಕೆ 15 ಜಾಸ್ತಿ. 33 ತುಂಬಿದ ದಿನ ವಯಸ್ಸಿನ ಅಂಕ 25ಕ್ಕೆ ಇಳಿಯುತ್ತದೆ. ಖರ್ಚೂ ಭಾರ. ಯಾರ ನಾಮಿನೇಷನ್ನೂ ಬೇಡದ 189 ವೀಸಾದ ಶುಲ್ಕವೇ 2025ರ ಜುಲೈನಲ್ಲಿ 4,910 ಆಸ್ಟ್ರೇಲಿಯನ್ ಡಾಲರ್ ಆಯಿತು.

ಕೆನಡಾದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಗದಪತ್ರ ಸುಲಭ. ಡಿಗ್ರಿಯ ಮೌಲ್ಯಮಾಪನಕ್ಕೆ ಟ್ರಾನ್ಸ್‌ಕ್ರಿಪ್ಟ್ ಯುನಿವರ್ಸಿಟಿಯಿಂದಲೇ ಹೋಗಬೇಕು. ವಿಟಿಯು ಕೇಂದ್ರ ಕಚೇರಿ ಬೆಳಗಾವಿಯಲ್ಲೇ ಇರುವುದರಿಂದ ನಾನು ಮಧ್ಯಾಹ್ನ ಬೈಕಿನಲ್ಲಿ ಹೋಗಿ ವಿಚಾರಿಸಿ ಬಂದೆ. ವಿಜಯಪುರದ ಗೆಳೆಯ ಅದೇ ಕೆಲಸಕ್ಕೆ ರಾತ್ರಿ ಬಸ್ಸಿನಲ್ಲಿ ಬಂದ. ಆದರೆ ಅಂಕ? ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್ 8, ಉಳಿದದ್ದೆಲ್ಲ 7 ಬಂದರೂ ನನಗೆ ಒಟ್ಟು 413. ಕೆನಡಾದಲ್ಲೇ ಕೆಲಸ ಮಾಡಿದವರನ್ನು ಅರ್ಜಿಗೆ ಕರೆಯಲು ನಡೆಸಿದ ಸುತ್ತುಗಳಲ್ಲೇ 2025ರಲ್ಲಿ ಕಟ್‌ಆಫ್ 500ರ ಮೇಲಿತ್ತು. ಮೊದಲು ಕಂಪನಿಯ ಆಫರಿಗೂ ಅಂಕ ಸಿಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಅದನ್ನೂ ತೆಗೆದರು. 30ರಿಂದ ಮುಂದೆ ಪ್ರತಿ ಹುಟ್ಟುಹಬ್ಬಕ್ಕೂ ವಯಸ್ಸಿನ ಅಂಕ ಕರಗುತ್ತದೆ. 29ರವರೆಗೆ 110, ನನ್ನ ವಯಸ್ಸಿಗೆ 94. ಫ್ರೆಂಚ್ ಬರುವವರ ಅಥವಾ 25ರ ಹುಡುಗ ಹುಡುಗಿಯರ ಮಾತು ಬೇರೆ. ಒಂದು ವರ್ಷಕ್ಕೆ ನನ್ನ ಪ್ರೊಫೈಲ್ ಅವಧಿ ಮುಗಿಯಿತು. ಮತ್ತೆ ಹಾಕಲಿಲ್ಲ.

ಜರ್ಮನಿಯಲ್ಲಿ ಡಿಗ್ರಿ ಇರುವ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ ಬ್ಲೂ ಕಾರ್ಡ್. ಅದಕ್ಕೆ ಅಂಕದ ಲೆಕ್ಕವೇ ಇಲ್ಲ. ಡಿಗ್ರಿ ಅವರ ಅನಾಬಿನ್ ಎಂಬ ವಿದೇಶಿ ಡಿಗ್ರಿಗಳ ಪಟ್ಟಿಯಲ್ಲಿ ಸಿಗಬೇಕು. ಸಿಗದಿದ್ದರೆ 208 ಯೂರೋ ಕಟ್ಟಿ ವಿದೇಶಿ ಡಿಗ್ರಿ ತೂಗಿ ನೋಡುವ ಜ್ಯಾಬ್ (ZAB) ಎಂಬ ಕಚೇರಿಯ ಪತ್ರ ತರಿಸಬೇಕು. ಮತ್ತೆ ಒಂದು ಕೆಲಸದ ಆಫರ್. ವರ್ಷದ ಸಂಬಳ 2025ರಲ್ಲಿ 48,300 ಯೂರೋ ಇರಬೇಕಿತ್ತು. ಎಂಜಿನಿಯರುಗಳು ಕೊರತೆ ಇರುವ ಪಟ್ಟಿಯಲ್ಲಿರುವುದರಿಂದ ನಮಗೆ ಆ ವರ್ಷ 43,759.80 ಸಾಕಿತ್ತು. ಈ ಮೊತ್ತ ವರ್ಷ ವರ್ಷ ಬದಲಾಗುತ್ತದೆ. ವೀಸಾ ಶುಲ್ಕ 75 ಯೂರೋ.

ಕಷ್ಟ ಇರುವುದು ಆಫರ್ ಪಡೆಯುವುದರಲ್ಲಿ. ಎಂಟು ತಿಂಗಳಲ್ಲಿ ಅರವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದೆ, ಐದು ಇಂಟರ್‌ವ್ಯೂ ಆದವು. ಸಣ್ಣ ಕಂಪನಿಗಳು ಜರ್ಮನ್ ಭಾಷೆಯ ಬಿ1, ಅಂದರೆ ಮಧ್ಯಮ ಮಟ್ಟ, ಕೇಳಿದವು, ವೀಸಾಕ್ಕೆ ಭಾಷೆ ಕಡ್ಡಾಯ ಅಲ್ಲದಿದ್ದರೂ. ಐದನೆಯದರಲ್ಲಿ ವಿಡಿಯೋದಲ್ಲೇ ಒಂದು ಸರ್ಕ್ಯೂಟ್ ತೋರಿಸಿ, ಲೈನಿನ ಮೇಲೆ ಬೇಕೆಂದೇ ಸ್ಪೈಕ್ ಹಾಯಿಸಿ ನೋಡುವ ಐಇಸಿ 61000-4-4 ಬರ್ಸ್ಟ್ ಟೆಸ್ಟಿನಲ್ಲಿ ಇದು ಫೇಲ್ ಆದರೆ ಎಲ್ಲಿಂದ ಶುರು ಮಾಡುತ್ತೀರಿ ಅಂತ ಕೇಳಿದರು. ಕಾರ್ಖಾನೆಯ ಆ ಮೂರು ರಾತ್ರಿ ಕಣ್ಣ ಮುಂದೆ ಬಂತು. ಮಾಡಿದ್ದನ್ನು ಮಾಡಿದ ಹಾಗೇ ಹೇಳಿದೆ, ‘ನಾನು’ ಅಂತಲೇ ಹೇಳಿದೆ. ಸಿಡಿಆರ್ ತಿದ್ದಿ ತಿದ್ದಿ ಬರೆಯದೇ ಹೋಗಿದ್ದರೆ ಅಷ್ಟು ಸಲೀಸಾಗಿ ಮಾತು ಬರುತ್ತಿರಲಿಲ್ಲ. 47,000 ಯೂರೋ ಆಫರ್ ಬಂತು.

ನಮ್ಮಂಥ ಬೋರ್ಡ್, ಪ್ಯಾನೆಲ್ ಕೆಲಸದವರಿಗೆ ಜರ್ಮನಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಆದರೆ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಇದು ಸಣ್ಣ ವಿಷಯವಲ್ಲ. ಆಸ್ಟ್ರೇಲಿಯಾದ 189 ಸಿಕ್ಕರೆ ಮೊದಲ ದಿನದಿಂದಲೇ ಕಾಯಂ ವಾಸ. ಜರ್ಮನಿಯಲ್ಲಿ ಅದಕ್ಕೆ 27 ತಿಂಗಳು ದುಡಿಯಬೇಕು, ಬಿ1 ಪಾಸಾದರೆ 21. ಅದಕ್ಕೇ ರಾತ್ರಿ ಒಂಬತ್ತಕ್ಕೆ ಜರ್ಮನ್ ಕ್ಲಾಸಿಗೆ ಕೂರುತ್ತೇನೆ. ಪರೀಕ್ಷೆಗೆ ಪುಣೆಗೆ ಹೋಗಬೇಕು.

ಇನ್ನೊಂದು ಮಾತು. ಹಳೆ ಕಂಪನಿಯ ಅನುಭವ ಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ. ನನ್ನ ಮೊದಲ ಕಂಪನಿ ಕೊಟ್ಟದ್ದು ಎರಡು ಸಾಲು, ‘ಇಲ್ಲಿ ಕೆಲಸ ಮಾಡಿದ್ದಾರೆ’ ಅಂತ. ಏನು ಕೆಲಸ, ವಾರಕ್ಕೆ ಎಷ್ಟು ತಾಸು, ಸಂಬಳ ಎಷ್ಟು, ಎಲ್ಲ ಬರೆಸಲು ನಾಲ್ಕು ತಿಂಗಳು ಅಲೆದೆ.

ವಿಜಯಪುರದ ಗೆಳೆಯ ಈಗ ಆಸ್ಟ್ರೇಲಿಯಾಕ್ಕೆ ಎಪಿಸೋಡ್ ಬರೆಯುತ್ತಿದ್ದಾನೆ. ಪ್ರತಿ ಭಾನುವಾರ ಕಳಿಸುತ್ತಾನೆ, ನಾನು ಕೆಂಪು ಪೆನ್ನು ಹಿಡಿದು ಕೂರುತ್ತೇನೆ. ಹೋದ ವಾರ ಒಂದೇ ಪುಟದಲ್ಲಿ ಹನ್ನೊಂದು ‘ನಾವು’ ಇದ್ದವು.