ಪ್ರೀಮಿಯಂ ಬಾಂಡ್: ಬಡ್ಡಿ ಬಿಟ್ಟು ಅದೃಷ್ಟ ನೆಚ್ಚುವ ಉಳಿತಾಯ

ಬ್ರಿಟನ್ ಸರ್ಕಾರ 1956ರಲ್ಲಿ ಶುರುಮಾಡಿದ ಈ ಬಾಂಡಿಗೆ ಬಡ್ಡಿಯೇ ಇಲ್ಲ. ಬಡ್ಡಿಯಾಗಬೇಕಿದ್ದ ದುಡ್ಡು ತಿಂಗಳ ಡ್ರಾದಲ್ಲಿ ತೆರಿಗೆಯಿಲ್ಲದ ಬಹುಮಾನವಾಗುತ್ತದೆ. ಒಂದು ಪೌಂಡಿಗೊಂದು ಬಾಂಡ್, ಕನಿಷ್ಠ 25, ಗರಿಷ್ಠ 50,000. ಅಸಲು ಭದ್ರ, ಬೆಲೆಯೇರಿಕೆ ಮಾತ್ರ ಅದನ್ನು ಮೆಲ್ಲಗೆ ಮೇಯುತ್ತದೆ.

2025ರ ಕೊನೆಯ ಲೆಕ್ಕ: ಪ್ರತಿ ಬಾಂಡಿಗೆ ತಿಂಗಳಿಗೆ 22,000ದಲ್ಲಿ ಒಂದು ಅವಕಾಶ. 1,000 ಪೌಂಡ್ ಇಟ್ಟವರಲ್ಲಿ ಸುಮಾರು 58% ಮಂದಿಗೆ ವರ್ಷವಿಡೀ ಬಿಡಿಗಾಸೂ ಬಾರದು. 50,000 ಇಟ್ಟರೆ ವರ್ಷಕ್ಕೆ ಸರಾಸರಿ 27 ಬಹುಮಾನ, ಬಹುಪಾಲು 25, 50, 100 ಪೌಂಡಿನವೇ. ಬಹುಮಾನಗಳಿಗೆಂದು ಆಗ ಘೋಷಿಸಿದ್ದ ವರ್ಷಕ್ಕೆ 3.6% ದರಕ್ಕೆ ಮರುಳಾಗಬೇಡಿ: ಪ್ರತಿ ತಿಂಗಳ ಹತ್ತು ಲಕ್ಷ ಪೌಂಡಿನ ಎರಡು ಬಹುಮಾನಗಳೂ ಆ ಸರಾಸರಿಯೊಳಗೇ ಸೇರಿವೆ.

ಹಳೇ ಬಾಂಡ್ ಗೆಲ್ಲದು ಅನ್ನುವುದು ಬರೀ ಪುಕಾರು. ತಿಂಗಳ ಕೊನೆಗೆ ಕೊಳ್ಳಿ. ಪೂರಾ ಒಂದು ಕ್ಯಾಲೆಂಡರ್ ತಿಂಗಳು ಕಳೆದ ಮೇಲಷ್ಟೇ ಡ್ರಾಗೆ ಸೇರುವುದು.