ಡ್ರ್ಯಾಗನ್ ತಟ್ಟೆಗೆ ಯಾವ ಹುಳ: ಕ್ರಿಕೆಟ್ಟೋ, ಜಿರಳೆಯೋ, ರೇಷ್ಮೆಯೋ?

ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಸಾಕು ಹಲ್ಲಿ ತರುವಾಗ ಎಲ್ಲರೂ ಗಾಜಿನ ತೊಟ್ಟಿ, ಬಲ್ಬು, ಬಿಸಿಲಿನ ಬದಲಿಗೆ ಯುವಿಬಿ ಲೈಟು ಅಂತ ಲೆಕ್ಕ ಹಾಕುತ್ತಾರೆ. ಊಟದ ಲೆಕ್ಕ ಹಾಕುವವರು ಕಡಿಮೆ. ಊಟ ಅಂದರೆ ಜೀವಂತ ಹುಳ. ಆ ಹುಳವೂ ತಿನ್ನಬೇಕು, ಅದಕ್ಕೂ ನೀರು ಬೇಕು, ಬಡಿಸುವ ತನಕ ಸಾಯದೆ ಇರಬೇಕು. ಯಾವುದರಲ್ಲಿ ಎಷ್ಟು ಪ್ರೋಟೀನ್ ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನಾನು ಮೊದಲು ಕೇಳುವುದು ಬೇರೆ: ಆ ಹುಳ ನಿಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿ ಬದುಕುತ್ತದಾ? ಹಸಿದು ಸೊರಗಿದ ಹುಳ ನುಂಗಿದರೆ ಡ್ರ್ಯಾಗನ್‌ಗೆ ಸಿಗುವುದು ಬರೀ ಸಿಪ್ಪೆ.

ನಮ್ಮದು ಬೆಂಗಳೂರಿನ ಫ್ಲ್ಯಾಟು. ಡ್ರ್ಯಾಗನ್ ಹೆಸರು ಗುಂಡ. ಅವನ ಊಟದ ಪ್ರಾಣಿಗಳಿಗೆ ಸಿಕ್ಕಿರುವುದು ಯುಟಿಲಿಟಿಯಲ್ಲಿ ಒಂದು ಶೆಲ್ಫು. ಈ ಹೋಲಿಕೆ ಅಷ್ಟು ಜಾಗ ಇರುವವರಿಗೆ.

ಸಾಮಾನ್ಯವಾಗಿ ಎಲ್ಲರೂ ಶುರು ಮಾಡುವುದು ಕ್ರಿಕೆಟ್ ಹುಳದಿಂದ, ಅಂದರೆ ರಾತ್ರಿ ಕಿರ್ ಅನ್ನುವ ಚಿಮ್ಮಂಡೆಯಿಂದ. ಊಟವಾಗಿ ಅದನ್ನು ದೂರುವ ಹಾಗಿಲ್ಲ: ಶೇ. 20ರಷ್ಟು ಪ್ರೋಟೀನ್, ಶೇ. 7ರಷ್ಟು ಕೊಬ್ಬು. ಗುಂಡನಿಗೆ ಅದನ್ನು ಅಟ್ಟಿಸಿಕೊಂಡು ಹೋಗುವುದೇ ಹಬ್ಬ. ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಅಳೆಯುತ್ತಾನೆ. ನಾಲಿಗೆ ತುದಿ ಚೂರೇ ಚೂರು ಹೊರಗೆ ಬರುತ್ತದೆ. ಆಮೇಲೆ ಟಪ್.

ಸಾಕುವ ಕಷ್ಟ ಮಾತ್ರ ಸಾಕಪ್ಪಾ ಸಾಕು. ಬಟ್ಟಲಲ್ಲಿ ನೀರಿಟ್ಟರೆ ಮುಳುಗಿ ಸಾಯುತ್ತವೆ, ಅದಕ್ಕೇ ಕ್ಯಾರೆಟ್ ತುಂಡು ಹಾಕಬೇಕು. ಡಬ್ಬ ಒದ್ದೆಯಾದರೂ ಸಾಯುತ್ತವೆ. ಸತ್ತದ್ದನ್ನು ಉಳಿದವು ತಿನ್ನುತ್ತವೆ. ತಳದಲ್ಲಿ ಹಿಕ್ಕೆ ಸೇರಿದರೆ ಮೂಗಿಗೆ ಹೊಡೆಯುವ ವಾಸನೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಹುಳ ಅವಿತುಕೊಳ್ಳಲು ಇಡುವ ಮೊಟ್ಟೆ ಟ್ರೇಗಳನ್ನು ಮಲಗಿಸದೆ ನಿಲ್ಲಿಸಿಟ್ಟರೆ ಹಿಕ್ಕೆ ಕೆಳಗೆ ಉದುರುತ್ತದೆ, ಸ್ವಲ್ಪ ವಾಸಿ. ಗಂಡಿಗೆ ರೆಕ್ಕೆ ಬಂತೋ, ರಾತ್ರಿಯೆಲ್ಲ ಸಂಗೀತ ಕಚೇರಿ. ಸದ್ದು ಬೇಡ ಅನ್ನುವವರು ರೆಕ್ಕೆ ಮೂಡದ ಮರಿಗಳನ್ನೇ ಕೊಳ್ಳಬೇಕು. ಇನ್ನೊಂದು ಮಾತು. ತಿಂದು ಮಿಕ್ಕ ಕ್ರಿಕೆಟ್ಟನ್ನು ರಾತ್ರಿ ತೊಟ್ಟಿಯಲ್ಲೇ ಬಿಡಬೇಡಿ, ಮಲಗಿದ ಹಲ್ಲಿಯನ್ನು ಕಚ್ಚುತ್ತವೆ.

ಮನೆ ಕ್ರಿಕೆಟ್ ಅನ್ನುವ ಜಾತಿಗೆ ಡೆನ್ಸೋವೈರಸ್ ಅನ್ನುವ ಕಾಯಿಲೆಯೂ ಇದೆ. ಯುರೋಪ್‌ನಲ್ಲಿ, ಆಮೇಲೆ ಅಮೆರಿಕದಲ್ಲಿ ಎಷ್ಟೋ ಫಾರ್ಮ್‌ಗಳನ್ನು ಇದು ಖಾಲಿ ಮಾಡಿತು. ಬ್ಯಾಂಡೆಡ್ ಕ್ರಿಕೆಟ್ ಅನ್ನುವ ಇನ್ನೊಂದು ಜಾತಿ ಆ ವೈರಸ್ಸನ್ನು ತಡೆದುಕೊಳ್ಳುತ್ತದೆ. ಕೊಳ್ಳುವಾಗ ಯಾವುದು ಅಂತ ಕೇಳಿ ನೋಡಿ.

ಮೀಲ್‌ವರ್ಮ್, ಸೂಪರ್‌ವರ್ಮ್ ಎರಡೂ ದುಂಬಿಯ ಮರಿಹುಳ, ಅವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡಕ್ಕೂ ಗೋಧಿ ಬೂಸಾ ಮತ್ತು ಕ್ಯಾರೆಟ್ ಸಾಕು, ಸದ್ದಿಲ್ಲ, ವಾಸನೆ ಇಲ್ಲ. ಮೀಲ್‌ವರ್ಮ್ ಡಬ್ಬವನ್ನು ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಹಾಗೇ ಇರುತ್ತದೆ, ಮನೆಯವರು ಒಪ್ಪಿದರೆ. ಸೂಪರ್‌ವರ್ಮ್ ಅನ್ನು ಫ್ರಿಜ್ಜಿಗೆ ಇಟ್ಟರೆ ಸತ್ತೇ ಹೋಗುತ್ತದೆ. ಅದರ ಮರಿ ಮಾಡಿಸಬೇಕಾದರೆ ಒಂದೊಂದನ್ನೇ ಬೇರೆ ಬೇರೆ ಸಣ್ಣ ಡಬ್ಬದಲ್ಲಿ ಕೂಡಿ ಹಾಕಬೇಕು, ಗುಂಪಲ್ಲಿದ್ದರೆ ಕೋಶವಾಗುವುದೇ ಇಲ್ಲ. ಆದರೆ ಸೂಪರ್‌ವರ್ಮ್‌ನಲ್ಲಿ ಕೊಬ್ಬು ಶೇ. 18ರ ಹತ್ತಿರ. ಮೀಲ್‌ವರ್ಮ್‌ನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹದಿನೈದು ಪಟ್ಟಿಗೂ ಜಾಸ್ತಿ. ಬಜ್ಜಿ ಬೋಂಡಾ ಯಾರಿಗೆ ಇಷ್ಟ ಇಲ್ಲ, ದಿನಾ ತಿನ್ನಕ್ಕಾಗುತ್ತಾ?

ನಮ್ಮ ಮನೆಯಲ್ಲಿ ಗೆದ್ದಿರುವುದು ಡುಬಿಯಾ ಜಿರಳೆ. ಡಬ್ಬದ ಮೇಲೆ ಹೆಂಡತಿ 'ಗುಂಡನ ಊಟ' ಅಂತ ಚೀಟಿ ಅಂಟಿಸಿದ್ದಾಳೆ, ಜಿರಳೆ ಅನ್ನುವ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ನಮ್ಮ ಅಡುಗೆಮನೆ ಜಿರಳೆಗೂ ಇದಕ್ಕೂ ಅಜಗಜಾಂತರ. ದಕ್ಷಿಣ ಅಮೆರಿಕದ ಜಾತಿ ಇದು. ನುಣುಪಾದ ಪ್ಲಾಸ್ಟಿಕ್ ಹತ್ತಲಾರದು. ಬಲಿತ ಗಂಡಿಗೆ ರೆಕ್ಕೆ ಇದ್ದರೂ ಹಾರಾಟ ಅನ್ನುವ ಹಾರಾಟವಿಲ್ಲ, ಹೆಣ್ಣಿಗೆ ಬರೀ ಮೊಟಕು ರೆಕ್ಕೆ. ಹೆಣ್ಣು ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಜೀವಂತ ಮರಿ ಹಾಕುತ್ತದೆ. ಬೂಸಾ, ಕುಂಬಳಕಾಯಿ ಸಿಪ್ಪೆ, ನುಗ್ಗೆಸೊಪ್ಪು ಏನು ಹಾಕಿದರೂ ತಿನ್ನುತ್ತದೆ. ಒಣಗಿದ್ದರೆ ಡಬ್ಬ ವಾಸನೆ ಬರುವುದಿಲ್ಲ. ಒಮ್ಮೊಮ್ಮೆ ಟ್ರೇ ಎತ್ತಿದಾಗ ಆಗತಾನೇ ಪೊರೆ ಬಿಟ್ಟ ಮರಿ ಸಿಗುತ್ತದೆ. ಹಾಲಿನ ಬಿಳುಪು, ಮೆತ್ತಗೆ, ಕಣ್ಣು ಮಾತ್ರ ಕಪ್ಪು. ಹತ್ತು ಮರಿಗಳ ಮಧ್ಯೆ ಇಟ್ಟರೂ ಗುಂಡ ಮೊದಲು ಅದನ್ನೇ ಹೆಕ್ಕುತ್ತಾನೆ.

ತೊಂದರೆ ಇಲ್ಲ ಅಂತಲ್ಲ. ಮರಿ ಹಾಕಲು 28ರಿಂದ 32 ಡಿಗ್ರಿ ಶಾಖ ಬೇಕು. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲಿ ಹೀಟ್ ಮ್ಯಾಟ್ ಇಲ್ಲದಿದ್ದರೆ ಎಲ್ಲ ಸುಮ್ನೆ ಕೂತಿರುತ್ತವೆ. ಮರಿ ಬಲಿಯಲು ನಾಲ್ಕರಿಂದ ಆರು ತಿಂಗಳು, ಹಾಗಾಗಿ ಶುರುವಿನಲ್ಲಿ ಹೆಣ್ಣುಗಳನ್ನು ಮುಟ್ಟದೆ ಹೆಚ್ಚುವರಿ ಗಂಡುಗಳನ್ನೇ ಬಡಿಸಬೇಕು. ತೊಟ್ಟಿಗೆ ಬಿಟ್ಟರೆ ಓಡುವುದಿಲ್ಲ, ಮಣ್ಣಲ್ಲಿ ಹೂತುಕೊಳ್ಳುತ್ತವೆ. ನುಣುಪಾದ ಬಟ್ಟಲಲ್ಲಿ ಕೊಡಿ.

ಇನ್ನು ರೇಷ್ಮೆ ಹುಳ. ಈ ವಿಷಯದಲ್ಲಿ ನಮ್ಮಷ್ಟು ಅದೃಷ್ಟವಂತರು ಇಲ್ಲ. ಬೇರೆ ದೇಶದವರು ಹಿಪ್ಪುನೇರಳೆ ಸೊಪ್ಪಿಗೆ ಪರದಾಡಿ ಪುಡಿ ಕಲಸಿದ ಮೇವು ಕೊಳ್ಳುತ್ತಾರೆ. ನಮಗೆ ರಾಮನಗರ, ಶಿಡ್ಲಘಟ್ಟ ಪಕ್ಕದಲ್ಲೇ. ತೊಡಕು ಏನಂದರೆ ಅಲ್ಲಿ ಲೆಕ್ಕ ನಡೆಯುವುದು 'ನೂರು ಮೊಟ್ಟೆ' ಚಾಕಿ (ಎಳೆ ಹುಳ) ಅಂತ. ಅಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಷ್ಟೂ ಮೊಟ್ಟೆ, ಹಾಗಾಗಿ ನಲವತ್ತು ಐವತ್ತು ಸಾವಿರ ಹುಳ. ನಮಗೆ ಬೇಕಾದದ್ದು ಒಂದು ಹಿಡಿ. ಶಿಡ್ಲಘಟ್ಟದ ಕಡೆ ಹುಳ ಮೇಯಿಸುವ ನಮ್ಮ ಮಾವನವರನ್ನು ಕೇಳಿದಾಗ ಅವರು ನಕ್ಕಿದ್ದೇ ನಕ್ಕಿದ್ದು. "ಹಲ್ಲಿ ನುಗ್ಗಬಾರ್ದು ಅಂತ ನಾವು ಹುಳದ ಮನೆಗೆ ಜಾಲರಿ ಹೊಡೆಸ್ತೀವಿ ಅಳಿಯಂದ್ರೇ. ನೀವು ಹಲ್ಲಿಗೇ ಹುಳ ಹಾಕ್ತೀರಾ?"

ಆದರೂ ಕೊಟ್ಟರು, ಜೊತೆಗೆ ಎರಡು ಬುದ್ಧಿಮಾತು. ಒಂದು, ಹುಳ ಮೇಯುವ ಹಾಸಿಗೆಗೆ ಸುಣ್ಣ, ಸೋಂಕು ನಿವಾರಕ ಪುಡಿ ಉದುರಿಸಿರುತ್ತಾರೆ, ಹಾಗಾಗಿ ತಂದ ಕೂಡಲೇ ಬಡಿಸದೆ ಎರಡು ದಿನ ಹೊಸ ಸೊಪ್ಪಿನ ಮೇಲೆ ಬಿಡಬೇಕು. ಇನ್ನೊಂದು, ಒದ್ದೆ ಸೊಪ್ಪು ಹಾಕಬಾರದು. ಒದ್ದೆ ಸೊಪ್ಪು, ಗಾಳಿ ಆಡದ ಡಬ್ಬ ಎರಡೂ ಸೇರಿದರೆ ಸಪ್ಪೆ ರೋಗಕ್ಕೆ ದಾರಿ. ಮೈ ಊದಿ ಹಾಲಿನಂಥ ರಸ ಸೋರುವ ಹುಳ ಕಂಡರೆ ಅದು ಹಾಲುತೊಂಡೆ, ಎತ್ತಿ ಆಚೆ ಹಾಕಿ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಅದು ಸತ್ತಿಲ್ಲ, ಪೊರೆ ಬಿಡುತ್ತಿದೆ, ರೇಷ್ಮೆಯವರ ಮಾತಲ್ಲಿ ಅದೇ ಜ್ವರ.

ಈ ಹುಳದಲ್ಲಿ ಶೇ. 83ರಷ್ಟು ನೀರು, ಕೊಬ್ಬು ಶೇ. 1ಕ್ಕಿಂತ ಚೂರು ಜಾಸ್ತಿ. ಮೆತ್ತಗಿದೆ, ಕಚ್ಚುವುದಿಲ್ಲ, ಓಡುವುದಿಲ್ಲ. ಬೇಸಿಗೆಯಲ್ಲಿ ಗುಂಡ ನೀರು ಕುಡಿಯದೆ ಮಲ ಗಟ್ಟಿಯಾದಾಗ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಮಿಕ್ಕ ಸೊಪ್ಪನ್ನು ಕತ್ತರಿಸಿ ಅವನಿಗೇ ಹಾಕಬಹುದು. ಆದರೆ ಪ್ರೋಟೀನ್ ಶೇ. 9ರಷ್ಟೇ, ಇದನ್ನೇ ನಂಬಿ ಬೆಳೆಯುವ ಮರಿ ಸಾಕಲು ಆಗುವುದಿಲ್ಲ. ಮೂರನೇ ಜ್ವರ ಎದ್ದ ಹುಳ ತಂದರೆ ಎರಡು ವಾರದೊಳಗೆ ಗೂಡು ಕಟ್ಟಲು ಹೊರಡುತ್ತದೆ. ದಿನಕ್ಕೆ ಎರಡು ಮೂರು ಸಲ ಸೊಪ್ಪು ತರುವ ಕೆಲಸ ಬೇರೆ. ನೆಂಟಸ್ತನ ಇದ್ದರೆ ಮಾತ್ರ ಇದು ಅಗ್ಗ.

ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳ ಕ್ಯಾಲ್ಸಿಯಂ ರಾಜ. 100 ಗ್ರಾಂ ಹುಳದಲ್ಲಿ 900 ಮಿಲಿಗ್ರಾಂಗೂ ಮೇಲೆ, ಅಷ್ಟೇ ಕ್ರಿಕೆಟ್ಟಿನಲ್ಲಿ 40ರ ಆಸುಪಾಸು. ಕ್ಯಾಲ್ಸಿಯಂ ಪುಡಿ ಹಚ್ಚುವ ತಾಪತ್ರಯ ಇಲ್ಲ. ಚರ್ಮ ಗಟ್ಟಿ, ಅಗಿಯದೆ ನುಂಗಿದರೆ ಇಡೀ ಹುಳವೇ ಹಿಂದಿನಿಂದ ಬರುತ್ತದೆ. ಮನೆಯಲ್ಲಿ ಕಾಂಪೋಸ್ಟ್ ಮಾಡುವವರ ಡಬ್ಬದಲ್ಲಿ ಇದು ತಾನಾಗೇ ಹುಟ್ಟುತ್ತದೆ. ಆದರೆ ಕೊಳೆತದ್ದು, ಹುಳಿ ಸಾರು, ಉಪ್ಪಿನಕಾಯಿ ಎಲ್ಲ ತಿಂದು ಬೆಳೆದದ್ದನ್ನು ನಾನಂತೂ ಗುಂಡನಿಗೆ ಹಾಕುವುದಿಲ್ಲ.

ಇದೊಂದನ್ನು ಬಿಟ್ಟು ಬೇರೆ ಯಾವ ಹುಳ ಕೊಟ್ಟರೂ ಕ್ಯಾಲ್ಸಿಯಂ ಪುಡಿ ಬೇಕೇ ಬೇಕು, ಇಲ್ಲವಾದರೆ ಮೂಳೆ ಬಾಗುತ್ತದೆ. ಡಬ್ಬದಲ್ಲಿ ಹುಳ, ಚಿಟಿಕೆ ಪುಡಿ ಹಾಕಿ ಒಮ್ಮೆ ಕುಲುಕಿ, ತಕ್ಷಣ ಬಡಿಸಿ. ತಡವಾದರೆ ಕ್ರಿಕೆಟ್ ಮೈ ಒರೆಸಿಕೊಂಡು ಪುಡಿಯನ್ನೆಲ್ಲ ಉದುರಿಸಿಬಿಡುತ್ತದೆ. ಬಡಿಸುವ ಹಿಂದಿನ ಒಂದೆರಡು ದಿನ ಹುಳಕ್ಕೆ ಹೊಟ್ಟೆ ತುಂಬ ಸೊಪ್ಪು, ಕ್ಯಾರೆಟ್ ಕೊಡಿ. ಹುಳದ ಗಾತ್ರ ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು.

ಈಗ ನಮ್ಮಲ್ಲಿ ದಿನದ ಊಟ ಡುಬಿಯಾ, ನಡುನಡುವೆ ಸೋಲ್ಜರ್ ಹುಳ. ಊರಿಂದ ಬಂದಾಗ ರೇಷ್ಮೆ. ಗುಂಡ ಸೋಮಾರಿಯಾದಾಗ ಓಡಿಸಲು ನಾಲ್ಕು ಕ್ರಿಕೆಟ್. ಸೂಪರ್‌ವರ್ಮ್ ಮನೆಗೆ ಬರುವುದು ನಿಂತಿದೆ. ದುಡ್ಡು ಉಳಿಸಲು ಹೊರಗೆ ಹಿಡಿದ ಹುಳ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ತೋಟದ ಮಿಡತೆ ಯಾವ ಔಷಧಿ ಹೊಡೆದ ಗಿಡ ತಿಂದು ಬಂದಿದೆಯೋ ಯಾರು ಬಲ್ಲರು. ಮಲೆನಾಡಿನ ಕಡೆಯವರು ಮಳೆ ಶುರುವಿನಲ್ಲಿ ಇನ್ನೂ ಹುಷಾರಾಗಿರಬೇಕು. ಕೆಲವು ಜಾತಿಯ ಮಿಂಚುಹುಳದ ಮೈಯಲ್ಲಿ ಹೃದಯಕ್ಕೆ ಹೊಡೆಯುವ ವಿಷ ಇರುತ್ತದೆ. ಅಮೆರಿಕದಲ್ಲಿ ಅದನ್ನು ತಿಂದು ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತಿರುವುದು ದಾಖಲಾಗಿದೆ. ಬಾಲ್ಕನಿಯಲ್ಲಿ ತೊಟ್ಟಿ ಇಟ್ಟವರು ಆ ತಿಂಗಳು ಒಳಗೆ ತಂದಿಟ್ಟುಕೊಳ್ಳಿ.